ಮೀನಿಗೆ ಕಚ್ಚೆ ಉಡಿಸಿದವನು

ಅವನ ಎಡಗೈ ತೋರುಬೆರಳಿನ ಉಗುರು ಎರಡು ಸೀಳಾಗಿ ಬೆಳೆದಿತ್ತು. ಹಿಂದೊಮ್ಮೆ ಮಷಿನ್ ಸೂಜಿ ಹೊಕ್ಕು ಆಚೆ ಬಂದಿತ್ತಂತೆ. ಆ ಸೀಳುಗುರಿನಲ್ಲೇ ಬಟ್ಟೆ ಗೀರಿ ಮಡಿಕೆ ಕೂರಿಸುತ್ತಿದ್ದ. ಬಾಗಲಕೋಟೆ ಕಡೆಯ ಟೈಲರ್. ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ ನಮ್ಮ ಮನೆ ಎದುರಿಗೇ ಅವನ ಅಂಗಡಿ. ನಾನು ಅಲ್ಲಿ ಕೂತು ಗುಂಡಿ ಹಾಕಿಕೊಡುತ್ತಿದ್ದೆ.

ಒಳ್ಳೆಯವನು ಅಂತ ಹೇಳಲಾರೆ. ಸುಳ್ಳ, ಬಾಯಿಬಡುಕ. ಬಟ್ಟೆ ಕತ್ತರಿಸಿಯೇ ಇರುತ್ತಿರಲಿಲ್ಲ, "ಬಟನ್ ಒಂದ ಬಾಕಿ ಐತ್ರಿ" ಅನ್ನುತ್ತಿದ್ದ. ಅಪಾರ್ಟ್‌ಮೆಂಟಿನವರು ಫೋನಿನಲ್ಲಿ ಅಳತೆ ಹೇಳಿದರೆ, "ಫೋನಿನಾಗ ಅಳತಿ ಕೊಟ್ರ ಫೋನಿಗೇ ಅಂಗಿ ಹೊಲೀತೀನ್ರಿ" ಅಂತ ಇಟ್ಟುಬಿಡುತ್ತಿದ್ದ. ಆದರೆ ಹೊಲಿಗೆ ಸೊಟ್ಟಗಾದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ನನ್ನ ಮೊಮ್ಮಗಳಿಗೆ ನೀರಿನ ಟ್ಯಾಂಕರ್ ಬಡಿದು ಒಂದು ಕಾಲು ಗಿಡ್ಡವಾಗಿತ್ತು. ನಡೆದರೆ ವಾಲುತ್ತಿದ್ದಳು. ಸ್ಕೂಲಿನಲ್ಲಿ ಯಾರೋ ನಕ್ಕ ಮೇಲೆ ಊಟದ ಬಿಡುವಿನಲ್ಲೂ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಇವಳು ಜೀವಮಾನವಿಡೀ ಹೀಗೇ ಕೂತುಬಿಡುತ್ತಾಳೆ ಅನ್ನುವುದೇ ನನಗಿದ್ದ ಭಯ.

ಸ್ಕೂಲಿನ ವಾರ್ಷಿಕೋತ್ಸವ ಬಂತು. ಮಕ್ಕಳು ಆಡುವ ಕಾರ್ಟೂನ್ ಕಥೆಯ ಪಾತ್ರಗಳಿಗೆಲ್ಲ ಆ ವರ್ಷ ನಮ್ಮ ರಾಜರ ಕಾಲದ ಉಡುಗೆಯಂತೆ. ಕಪ್ಪೆಗೆ ಪೇಟ, ರಾಕ್ಷಸನಿಗೆ ನಿಲುವಂಗಿ. ಇವಳಿಗೆ ಮೀನಿನ ಬಾಲದ ರಾಜಕುಮಾರಿಯ ಪಾತ್ರ, ಅದಕ್ಕೆ ಕಚ್ಚೆ ಸೀರೆ. ಬಂಡೆ ಮೇಲೆ ಕೂತರೆ ಸಾಕು, ನಡೆಯುವ ಕಷ್ಟವಿಲ್ಲ ಅಂತ ಮಿಸ್ಸು ಒಳ್ಳೆ ಮನಸ್ಸಿನಿಂದಲೇ ಕೊಟ್ಟಿದ್ದರು. ಇವಳು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು.

"ಕಾಲೇ ಇಲ್ದಿರೋದು ನಂಗೆ ಕೊಟ್ಟವ್ರೆ, ಅಜ್ಜಿ."

ಅಳತೆ ಕೊಡಲು ಎಳೆದುಕೊಂಡೇ ಹೋದೆ. ಟೈಲರ್ ತಲೆ ಕೆರೆದುಕೊಂಡ.

"ಮ್ಯಾಲ ರಾಣಿ, ಕೆಳಗ ಮೀನ. ಕಚ್ಚಿ ಎಲ್ಲಿ ಹಾಕ್ಲಿ?"

"ಏನೋ ಒಂದು ಒಲ್ದಾಕಪ್ಪ. ಕುಂತೇ ಇರ್ತಾಳೆ, ಯಾರು ನೋಡ್ತಾರೆ?" ಅಂದೆ.

"ನಾ ನೋಡ್ತೀನಲ್ರೀ ಅವ್ವಾರ! ಕಚ್ಚಿಗೆ ಎರಡು ಕಾಲ ಬೇಕ. ಈ ಮೀನಿಗೆ ಕಾಲ ಬಂದಾವ ಅಂತ ತಿಳ್ಕೊಳ್ರಿ. ನಡಿ ತಂಗಿ, ನಿನ್ನ ನಡಿಗಿ ನೋಡೂಣು."

"ನಾನು ಕುಂಟ್ತೀನಿ ಅಂಕಲ್."

"ಅದಕ್ಕ ನೋಡ್ಬೇಕವಾ. ನಡಿಗಿ ತಿಳೀದ ನೆರಿಗಿ ಹೆಂಗ ಹಿಡೀಲಿ?"

ದನಿಯಲ್ಲಿ ಅಯ್ಯೋ ಪಾಪ ಇರಲಿಲ್ಲ. ಸೊಟ್ಟ ಬಟ್ಟೆ ನೋಡುವಂತೆ ಕಣ್ಣು ಕಿರಿದು ಮಾಡಿ ನೋಡಿದ. ಅವಳು ಬಾಗಿಲಿಂದ ಮಷಿನ್‌ವರೆಗೆ ನಡೆದಳು. ಮತ್ತೆ ನಡೆಸಿದ, ಪಿನ್ ಚುಚ್ಚಿದ, ಬೈದ, ಮತ್ತೆ ನಡೆಸಿದ. ಹಸಿರು ಇಳಕಲ್ ಸೀರೆಯಲ್ಲಿ ಕಚ್ಚೆ ಹೊಲಿದು, ಹಿಂದೆ ಅದರ ತುದಿಯನ್ನು ಬೀಸಣಿಗೆಯಂತೆ ಬಿಡಿಸಿ ಬಾಲ ಮಾಡಿದ. ಅವಳು ವಾಲಿದಾಗೆಲ್ಲ ಆ ಬಾಲ ನೀರಲ್ಲಿದ್ದಂತೆ ಬೀಸುತ್ತಿತ್ತು.

ಕಾರ್ಯಕ್ರಮದ ದಿನ ಬಂಡೆ ಮೇಲೆ ಕೂತಿದ್ದವಳು ಯಾರೂ ಹೇಳದೆ ಎದ್ದಳು. ಹಿಂದೆ ಯಾರೋ ಕಿಸಕ್ಕೆಂದರು. ಅವಳು ವೇದಿಕೆಯ ಈ ತುದಿಯಿಂದ ಆ ತುದಿಗೆ ಹೋದಳು, ತಿರುಗಿ ಬಂದಳು.

"ಅವ್ಳು ನಡೀಲಿ ಅಂತ್ಲೇ ಅಂಗೆ ಮಾಡ್ದ್ಯಾ?" ಅಂತ ಒಮ್ಮೆ ಟೈಲರ್‌ನನ್ನು ಕೇಳಿದೆ.

"ಮೀನಿಗೆ ಕಚ್ಚಿ ಉಡ್ಸಾಕ ಬರ್ತೈತೇನ್ರಿ?" ಅಂದ. ಅಷ್ಟೇ.

ಹೋದ ವರ್ಷ ಎದೆನೋವು ಬಂದು ಹೋಗಿಬಿಟ್ಟ. ಹೆಣ ಊರಿಗೆ ಒಯ್ಯುವ ಗಾಡಿ ಬಂದು ನಿಂತಿತ್ತು, ಬೀದಿ ತುಂಬ ಜನ. ಮೊಮ್ಮಗಳು ಹಾರ ಹಿಡಿದು ಅವರ ನಡುವೆ ನಡೆದು ಹೋದಳು. ಎಲ್ಲರೂ ಅವಳ ಕಾಲು ನೋಡಿದರು. ಅವಳು ಯಾರನ್ನೂ ನೋಡಲಿಲ್ಲ. ನನಗೆ ಅಳು ಬರಲಿಲ್ಲ. ಸದ್ಯ, ಇವಳು ಕೂತುಬಿಡಲಿಲ್ಲ, ಅನ್ನಿಸಿತು.