ಬೀಳುವ ಗೊಂಬೆಯೊಡನೆ ಒಂದು ಚಳಿಗಾಲ

ಮೊದಲು ನಮಸ್ಕಾರ. ಅಕ್ಷರ ಕಲಿಸಿದ ತಂದೆಯವರಿಗೆ, ಅನ್ನವಿಕ್ಕಿ ಬೆಳೆಸಿದ ತಾಯಿಯವರಿಗೆ, ಈ ಇಳಿವಯಸ್ಸಿನಲ್ಲಿಯೂ ಬೆಳಗಿನ ದೀಪ ಹಚ್ಚುವಷ್ಟು ಕಸುವನ್ನು ಕೈಯಲ್ಲಿ ಉಳಿಸಿರುವ ಭಗವಂತನಿಗೆ. ಆಮೇಲೆ, ಆಟವೆಂದರೇನೆಂಬುದನ್ನು ನನಗೆ ಕಲಿಸಿದ ಎಂಟು ವರ್ಷದ ಒಂದು ಮಗುವಿಗೆ. ಹಿರಿಯರು ಕಿರಿಯರಿಗೆ ನಮಸ್ಕರಿಸಬಾರದೆನ್ನುತ್ತಾರೆ; ಆದರೆ ಋಣ ದೊಡ್ಡದು, ಮನಸ್ಸಿನಲ್ಲಿಯೇ ಸಲ್ಲಿಸುತ್ತೇನೆ.

ಬಾಲ್ಯವೆಂದೊಡನೆ ನಿಮಗೆಲ್ಲ ಕುಂಟೆಬಿಲ್ಲೆ, ಚೌಕಾಬಾರ, ಕಣ್ಣಾಮುಚ್ಚಾಲೆ ನೆನಪಾಗಬಹುದು. ನನ್ನಲ್ಲಿ ಅಂಥ ನೆನಪುಗಳ ಸಂಪತ್ತು ಕಡಿಮೆ. ಆ ದಿನಗಳಲ್ಲಿ ಮೈಸೂರಿನ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಶಬ್ದರೂಪಗಳ ಬಾಯಿಪಾಠದಿಂದ. ತಂದೆಯವರು ಸಂಸ್ಕೃತ ವಿದ್ವಾಂಸರು. ಹೆಣ್ಣುಮಗಳೆಂದು ನನ್ನನ್ನು ಪಾಠದಿಂದ ಹೊರಗಿಡಲಿಲ್ಲ. ಅದು ಅವರ ದೊಡ್ಡತನ. ಆಟಕ್ಕೆ ಮಾತ್ರ ಅಲ್ಲಿ ವೇಳೆ ಇರಲಿಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುತ್ತಿದ್ದೆವು. ಹಾಡಿ, ಆರತಿ ಎತ್ತಿ, ನೆರೆಮನೆಯ ಮಕ್ಕಳಿಗೆ ಕೊಬ್ಬರಿ ಮಿಠಾಯಿ ಹಂಚುತ್ತಿದ್ದೆವು. ಗೊಂಬೆಗಳನ್ನು ಮುಟ್ಟುವಂತಿರಲಿಲ್ಲ. ರಾಣಿಯ ಗೊಂಬೆಯನ್ನು ಒಮ್ಮೆ ಕೈಗೆತ್ತಿಕೊಂಡು ಮೇಲಕ್ಕೆಸೆದರೆ ಏನಾದೀತು ಎಂದು ನೋಡುವ ಆಸೆ ನನಗಿತ್ತು.

ಆ ಆಸೆ ಈಡೇರಿದ್ದು ಲಂಡನ್ನಿನ ಕೆಂಟನ್ನಿನಲ್ಲಿ, ನನಗೆ ಅರವತ್ತು ದಾಟಿದ ಮೇಲೆ. ಆದ್ದರಿಂದ ನನ್ನ ಬಾಲ್ಯದ ನೆನಪೆಂದರೆ ಎರಡು ಸಾವಿರದ ಹತ್ತರ ನಂತರದ ಒಂದು ಚಳಿಗಾಲದ ನೆನಪು.

ಮಗಳು ಸುಮನಾ, ಅಳಿಯ ಇಬ್ಬರೂ ಆಸ್ಪತ್ರೆಯ ವೈದ್ಯರು. ಬೆಳಗಿನ ಕತ್ತಲಲ್ಲಿ ಹೊರಟರೆ ಸಂಜೆಯ ಕತ್ತಲಲ್ಲಿ ಮರಳುವವರು. ಮೊಮ್ಮಗಳು ಅನಘಾಳನ್ನು ಶಾಲೆಗೆ ನಡೆಸಿಕೊಂಡು ಹೋಗಿ ಕರೆತರುವುದು ನನ್ನ ಪಾಲಿನ ಸೇವೆ. ಮನೆಯೊಳಗೆ ಅವಳು ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವ ಮಗು. ಬೀದಿಗಿಳಿದರೆ ಮಾತ್ರ ಕನ್ನಡ. ದಾರಿಯಲ್ಲಿ ಯಾರಿಗೂ ತಿಳಿಯದ ಗುಟ್ಟಿನ ಭಾಷೆ ಅದು ಎಂಬುದು ಅವಳಿಗೆ ಹೊಳೆದಿತ್ತು. ಎದುರು ಬಂದವರ ಟೋಪಿಯ ಬಗ್ಗೆ, ಟೀಚರರ ಸಿಟ್ಟಿನ ಬಗ್ಗೆ, ನಾಯಿಗಳ ಮುಖಭಾವದ ಬಗ್ಗೆ ಧಾರಾಳವಾಗಿ ಟೀಕೆ ಮಾಡುತ್ತಿದ್ದಳು. ಒಂದು ಮನೆಯಿಂದ ಸುಟ್ಟ ಬ್ರೆಡ್ಡಿನ ವಾಸನೆ, ಮುಂದಿನ ಗುಜರಾತಿಗಳ ಮನೆಯಿಂದ ಸಾಸಿವೆ ಇಂಗಿನ ಒಗ್ಗರಣೆಯ ಘಮ. ಆ ನಡಿಗೆಗಾಗಿಯೇ ನಾನು ಆ ಊರಿನ ಚಳಿಯನ್ನು ಸಹಿಸಿಕೊಂಡಿದ್ದೆ.

ಒಂದು ಮುಂಜಾನೆ ಕಾಲುದಾರಿಯ ಮೇಲೆ ಹಿಮ ಹೆಪ್ಪುಗಟ್ಟಿ ಗಾಜಾಗಿತ್ತು. ಶಾಲೆಯ ಗೇಟಿನ ಹತ್ತಿರ, ಅಷ್ಟೂ ತಾಯಿತಂದೆಯರ ಎದುರಿನಲ್ಲಿ ನಾನು ಜಾರಿಬಿದ್ದೆ. ಕೊಡೆ ಒಂದು ಕಡೆ, ಒಂದು ಶೂ ಬೇಲಿಯಾಚೆ. ನೆಲ ಮುಟ್ಟುವ ಮುನ್ನವೇ ಹಿಂದಿನಿಂದ ಒಂದು ನಗು ಕೇಳಿಸಿತು, ಅದು ಅನಘಾಳದು. ಪಕ್ಕದ ಮನೆಯ ಹಂಸಾಬೆನ್ ಓಡಿಬಂದು ಎಬ್ಬಿಸಿದರು. ಯಾರೋ ಶೂ ಹುಡುಕಿ ತಂದುಕೊಟ್ಟರು. ಸುಮನಾ ಸಂಜೆ ಪರೀಕ್ಷಿಸಿ ಮೂಳೆಗೆ ಏನೂ ಆಗಿಲ್ಲವೆಂದಳು.

ಆದರೆ ಮರುದಿನದಿಂದ ನಾನು ಹೊಸ್ತಿಲು ದಾಟಲಿಲ್ಲ. ಮಂಡಿನೋವು, ಏಕಾದಶಿ, ಶೀತ ಎಂದು ದಿನಕ್ಕೊಂದು ಕಾರಣ ದೊರೆಯಿತು. ಹಂಸಾಬೆನ್ ತಮ್ಮ ಮೊಮ್ಮಕ್ಕಳ ಜೊತೆ ಅನಘಾಳನ್ನೂ ಕರೆದೊಯ್ಯತೊಡಗಿದರು. ಕೆಲವು ವಾರ ಕಳೆದ ಮೇಲೆ ಸುಮನಾ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದಳು:

"ಅಮ್ಮ, ನಿಂಗೆ ಕಷ್ಟ ಆದ್ರೆ ಬಿಡು. ಮುಂದಿನ ಟರ್ಮಿಂದ ಇವಳನ್ನ ಬ್ರೇಕ್‌ಫಾಸ್ಟ್ ಕ್ಲಬ್ಬಿಗೆ ಹಾಕ್ತೀವಿ. ಕಾರಲ್ಲೇ ಬಿಟ್ಟು ಹೋಗ್ತೀನಿ."

ಶಾಲೆ ತೆರೆಯುವ ಮುನ್ನ ಮಕ್ಕಳಿಗೆ ತಿಂಡಿ ಕೊಟ್ಟು ನೋಡಿಕೊಳ್ಳುವ ವ್ಯವಸ್ಥೆ ಅದು. ಪ್ರೀತಿಯಿಂದ ಆಡಿದ ಮಾತು. ನಡಿಗೆ ಹೋದರೆ ಅದರೊಡನೆ ಆ ಮಗುವಿನ ಕನ್ನಡವೂ ಹೋಗುತ್ತದೆಂದು ನನಗೆ ಗೊತ್ತಿತ್ತು. ಆದರೂ ತಲೆಯಾಡಿಸಿದೆ. ಅನಘಾ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದಳು.

ಅದರ ಮಾರನೆಯ ಸಂಜೆ, ನಾನು ದೀಪ ಹಚ್ಚಿ ಸ್ತೋತ್ರ ಮುಗಿಸುವವರೆಗೆ ಕಾದಿದ್ದು, ಅವಳು ಟ್ಯಾಬ್ಲೆಟ್ ಹಿಡಿದುಕೊಂಡು ನನ್ನ ಪಕ್ಕದಲ್ಲಿ ಬಂದು ಕೂತಳು. ಪರದೆಯ ಮೇಲೆ ಎತ್ತರದ ಮೆಟ್ಟಿಲು. ಅದರ ತುದಿಯಲ್ಲಿ ಮೂಗುಬಾಯಿ ಸರಿಯಾಗಿಲ್ಲದ ಒಬ್ಬ ಮನುಷ್ಯ. ಅವಳು ಬೆರಳಿನಿಂದ ತಳ್ಳಿದಳು. ಅವನು ಒಗೆದ ಬಟ್ಟೆಯ ಹಾಗೆ ಮಡಚಿಕೊಂಡು, ಕೈಕಾಲು ಅತ್ತಿತ್ತ ಬೀಸುತ್ತ, ಮೆಟ್ಟಿಲುಮೆಟ್ಟಿಲಿಗೂ ಬಡಿಯುತ್ತ ಕೆಳಗಿಳಿದು ಹೂಕುಂಡದಲ್ಲಿ ತಲೆಕೆಳಗಾಗಿ ನಿಂತ. ರಕ್ತವಿಲ್ಲ, ನರಳಾಟವಿಲ್ಲ. ರ‍್ಯಾಗ್‌ಡಾಲ್ ಎಂದಳು. ಚಿಂದಿಗೊಂಬೆ ಎಂದು ನಾನು ಅರ್ಥಮಾಡಿಕೊಂಡೆ.

ನನಗೆ ಮಾತ್ರ ಅಯ್ಯೋ ಪಾಪ ಎನ್ನಿಸಿತು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನಮ್ಮದು. ಗೊಂಬೆಯನ್ನಾದರೂ ಹಾಗೆ ನೂಕಬಾರದು, ಕ್ಷಮೆ ಕೇಳಬೇಕು ಎಂದು ಹೇಳಿ, ನಾನೇ ಬೆರಳಿನಿಂದ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮುಟ್ಟಿದ್ದೇ ತಡ, ಅವನು ಹೂಕುಂಡದಿಂದ ಹಾರಿ ಕಿಟಕಿಗೆ ಬಡಿದು ಕೆರೆಗೆ ಬಿದ್ದ. ಗಾಬರಿಯಿಂದ ಮತ್ತೆ ಮುಟ್ಟಿದೆ. ಕೆರೆಯಿಂದ ಎದ್ದು ಮರಕ್ಕೆ ಸಿಕ್ಕಿಕೊಂಡ.

"ಅಜ್ಜಿ, ಸ್ಟಾಪ್. ನೀನು ಸಾರಿ ಕೇಳ್ದಷ್ಟೂ ಅವನಿಗೆ ಜಾಸ್ತಿ ಪೆಟ್ಟು."

ಇಷ್ಟು ಹೇಳಿ ಅನಘಾ ಸೋಫಾದಿಂದ ಜಾರಿ ನೆಲದ ಮೇಲೆ ಹೊರಳಾಡಿ ನಕ್ಕಳು. ಮನೆಯೊಳಗೆ ಅವಳಾಡಿದ ಮೊದಲ ಕನ್ನಡ ವಾಕ್ಯ ಅದಾಗಿತ್ತು.

ಅಂದಿನಿಂದ ಅದು ನಿತ್ಯವಿಧಿಯಾಯಿತು. ಸ್ತೋತ್ರವಾದ ಮೇಲೆ, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಹುರಿದ ಅವಲಕ್ಕಿಯ ಬಟ್ಟಲನ್ನು ನಡುವೆ ಇಟ್ಟುಕೊಂಡು ನಾವಿಬ್ಬರೂ ಗೊಂಬೆಯನ್ನು ಬೀಳಿಸುತ್ತಿದ್ದೆವು. ಬೆಟ್ಟದಿಂದ, ಗಾಳಿಯಂತ್ರದಿಂದ, ಓಡುವ ಬಸ್ಸಿನ ಮೇಲಿಂದ. ಗೆಲ್ಲಬೇಕಾಗಿರಲಿಲ್ಲ, ತಪ್ಪಿದರೆ ಕೇಳುವವರಿರಲಿಲ್ಲ. ಒಂದು ಬೀಳುವಿಕೆ ಇನ್ನೊಂದರಂತಿರಲಿಲ್ಲ. ಪರೀಕ್ಷೆಯಿಲ್ಲದ, ಒಪ್ಪಿಸಬೇಕಿಲ್ಲದ ವಿದ್ಯೆಯೊಂದು ಲೋಕದಲ್ಲಿದೆಯೆಂಬುದು ನನಗೆ ಆಗ ತಿಳಿಯಿತು.

ಹೊಸ್ತಿಲು ಮಾತ್ರ ಇನ್ನೂ ಹಾಗೆಯೇ ಇತ್ತು. ಟರ್ಮು ಮುಗಿಯುವ ಕಾಲ ಹತ್ತಿರವಾಗುತ್ತಿತ್ತು.

ಒಂದು ಸಂಜೆ ಗೊಂಬೆಮನುಷ್ಯ ಮಂಜುಗಡ್ಡೆಯ ಮೇಲೆ ಕಾಲು ಮೇಲಾಗಿ ಬಿದ್ದ. ಅನಘಾ ನಗಲು ತೊಡಗಿ, ಅರ್ಧಕ್ಕೆ ತಡೆದು, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಏನಾಯಿತೆಂದು ಕೇಳಿದೆ. ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಅವತ್ತು ನೀನು ಬಿದ್ದಾಗ ನಾನು ನಕ್ಕೆ. ಅದಕ್ಕೇ ನೀನು ನನ್ ಜೊತೆ ಬರಲ್ಲ, ಅಲ್ವಾ?"

ಅಷ್ಟು ವಾರ ಆ ಮಗು ಇದನ್ನು ಒಳಗೆ ಹೊತ್ತು ತಿರುಗಿತ್ತು. ಅವಳು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಸ್ಕೃತ ಕಲಿಸಿದವಳು ನಾನು. ನನ್ನೆದುರು ನಗುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಮೂಳೆಗೆ ಪೆಟ್ಟಾಗಿರಲಿಲ್ಲ. ಪೆಟ್ಟಾಗಿದ್ದುದು ಬಿಗುಮಾನಕ್ಕೆ.

"ಹೇಗೆ ಬಿದ್ದೆ ಅಂತ ನಾನು ನೋಡೇ ಇಲ್ಲ ಪುಟ್ಟಿ. ನೀನು ನೋಡಿದೀಯ. ತೋರಿಸು," ಎಂದೆ.

"ಆರ್ ಯೂ ಶೂರ್?"

"ತೋರಿಸು."

ಅವಳು ಗೊಂಬೆಯನ್ನು ಮತ್ತೆ ಮಂಜುಗಡ್ಡೆಯ ಮೇಲೆ ನಿಲ್ಲಿಸಿದಳು. ಬಹಳ ಶ್ರದ್ಧೆಯ ಕೆಲಸ. ಇಷ್ಟು ಜೋರಾಗಿ ಅಲ್ಲ ಎಂದು ಅಳಿಸಿದಳು. ಮೊದಲು ಬಲಗಾಲು ಹೋಗಿದ್ದು ಎಂದು ತಿದ್ದಿದಳು. ಕಡೆಗೆ ಅವನು ಎರಡೂ ಕೈಗಳನ್ನು ಆಶೀರ್ವಾದ ಮಾಡುವವನ ಹಾಗೆ ಮೇಲೆತ್ತಿ, ಕಾಲುಗಳನ್ನು ತನಗಿಂತ ಮುಂದೆ ಕಳುಹಿಸಿ, ನಿಧಾನವಾಗಿ, ಗಂಭೀರವಾಗಿ ನೆಲದ ಮೇಲೆ ಕೂತ.

"ಹಾಂ. ಇದು ಸೇಮ್ ನೀನೇ."

ನಾನು ನೋಡಿದೆ. ಇನ್ನೊಮ್ಮೆ ತೋರಿಸೆಂದೆ. ಮತ್ತೆ ನೋಡುವಾಗ ಹೊಟ್ಟೆಯ ಆಳದಿಂದ ನಗು ಎದ್ದಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು.

"ಶೂ ಎಲ್ಲಿ ಹೋಯ್ತು?" ಎಂದು ಕೇಳಿದೆ.

"ಶೂ ಹಾರ್ಸೋದು ಇವನಿಗೆ ಬರಲ್ಲ ಅಜ್ಜಿ. ಅದು ನಿಂಗೆ ಮಾತ್ರ."

ಆಗ ಬಾಗಿಲಲ್ಲಿ ಸುಮನಾ ಬಂದು ನಿಂತಿದ್ದಳು. ನಮ್ಮ ಗದ್ದಲ ಕೇಳಿ ಏನೋ ಅನಾಹುತವಾಗಿದೆಯೆಂದು ಬೆದರಿ, ನಮ್ಮನ್ನು ಕಂಡು, ಕೋಟು ತೆಗೆಯದೆ ನಮ್ಮ ಪಕ್ಕ ಕೂತಳು. ಅವಳೂ ಒಮ್ಮೆ ಪರದೆಯ ಮೇಲಿನ ನನ್ನನ್ನು ಬೀಳಿಸಿದಳು.

ಮರುದಿನ ಬೆಳಿಗ್ಗೆ ನಾನು ಶೂ ಹಾಕಿಕೊಂಡೆ. ಹೊಸ್ತಿಲಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತೆ. ದೇವರ ಹೆಸರು ಹೇಳಿ ಇಳಿದೆ. ಹಂಸಾಬೆನ್ ಏನೂ ಕೇಳದೆ ತಮ್ಮ ಮೊಮ್ಮಕ್ಕಳೊಡನೆ ಮುಂದೆ ನಡೆದರು. ಹುಲ್ಲಿನ ಮೇಲೆ ಬೆಳ್ಳಗೆ ಹಿಮವಿತ್ತು. ಗೇಟಿನ ಹತ್ತಿರ, ಅದೇ ಜಾಗದಲ್ಲಿ, ಅನಘಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು:

"ಇಲ್ಲಿ ಬೇಕಾದ್ರೆ ಬೀಳು. ನಾನು ನಗಲ್ಲ."

"ನಗು. ನಕ್ಕು ಕೈ ಕೊಡು," ಎಂದೆ.

ಬ್ರೇಕ್‌ಫಾಸ್ಟ್ ಕ್ಲಬ್ಬಿನ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅವಳು ದೊಡ್ಡ ಶಾಲೆಗೆ ಹೋಗುವವರೆಗೂ ನಾವು ಆ ದಾರಿಯಲ್ಲಿ ನಡೆದೆವು.

ಈಗ ಅನಘಾ ನನಗಿಂತ ಎತ್ತರ. ಬೇರೆ ಊರಿನಲ್ಲಿ ಓದುತ್ತಾಳೆ. ಫೋನಿನಲ್ಲಿ ಅಕ್ಕರೆಯಿಂದ ಮಾತನಾಡುತ್ತಾಳೆ, ಇಂಗ್ಲಿಷಿನಲ್ಲಿ. ಆ ಟ್ಯಾಬ್ಲೆಟ್ಟಿನ ಜೀವ ಎಂದೋ ಹೋಯಿತು. ಹೊಸ ಫೋನುಗಳಲ್ಲಿ ಆ ಆಟ ತೆರೆಯುವುದಿಲ್ಲವಂತೆ. ಶಾಲೆಯ ದಾರಿ ಇದೆ. ಆದರೆ ದಾರಿಹೋಕರ ಟೋಪಿಗಳನ್ನು ಕನ್ನಡದಲ್ಲಿ ಆಡಿಕೊಳ್ಳುವವರು ಅಲ್ಲಿ ಯಾರೂ ಇಲ್ಲ. ಇದನ್ನು ದುಃಖವೆಂದು ಬರೆಯಲಾರೆ. ದೊರೆಯುವ ಕಾಲ ಮೀರಿದ ಮೇಲೂ ದೊರೆತದ್ದು ಅದು.

ನನ್ನನ್ನು ಎಬ್ಬಿಸಿದ ಹಂಸಾಬೆನ್ ಸುಖವಾಗಿರಲಿ. ಬೇಲಿಯಾಚೆಯಿಂದ ಶೂ ತಂದುಕೊಟ್ಟ ಆ ಅಪರಿಚಿತರಿಗೆ ಒಳ್ಳೆಯದಾಗಲಿ. ಅವಸರಪಡಿಸದೆ ಕಾದ ಸುಮನಾಳಿಗೆ ನೆಮ್ಮದಿಯಿರಲಿ. ಎಷ್ಟು ಸಲ ಬಿದ್ದರೂ ನೋಯದ ಒಂದು ದೇಹವನ್ನು ಕಲ್ಪಿಸಿದ, ಹೆಸರು ಗೊತ್ತಿಲ್ಲದ ಆ ಪುಣ್ಯಾತ್ಮನ ಮನೆ ತಣ್ಣಗಿರಲಿ. ಅನಘಾಳಿಗೆ ದೀರ್ಘಾಯುಸ್ಸಾಗಲಿ; ಮುಂದೊಂದು ದಿನ ಅವಳ ಮೊಮ್ಮಕ್ಕಳು ಅವಳೆದುರು ಭಯವಿಲ್ಲದೆ ನಗಲಿ.