ಗಾರ್ಡ್ ಬಿಡಿಸಿದ ಪದಬಂಧ

ನಾನು ಶಿವಮೊಗ್ಗದಿಂದ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದ ಬೆಳಗಿನ ರೈಲಿಗೆ ಒಬ್ಬ ಗಾರ್ಡ್ ಇದ್ದರು. ವಾರಪತ್ರಿಕೆಯ ಪದಬಂಧವನ್ನು ಕೋಟಿನ ಜೇಬಿನಿಂದ ತೆಗೆದು ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಬಿಡಿಸುತ್ತಿದ್ದರು. ಮಕ್ಕಳೂ ಬಿಡಿಸುವಷ್ಟು ಸುಲಭದ್ದು. ಆದರೂ ಯಾರಾದರೂ ಬಾಯಿ ತೆರೆದರೆ ಅಂಗೈ ಅಡ್ಡ ಹಿಡಿದು, “ಹೇಳ್ಬೇಡಿ ಮಾರಾಯ್ರೆ, ಹೇಳ್ಬೇಡಿ” ಎನ್ನುತ್ತಿದ್ದರು.

ಒಂದು ಸೋಮವಾರದ ಪದಬಂಧದಲ್ಲಿ ಬರೀ ತರಕಾರಿಗಳ ಹೆಸರುಗಳೇ ಇದ್ದವು. ಕೊನೆಯದೊಂದು ಉಳಿದಿತ್ತು: ನೇರಳೆ ಮೈ, ಹಸಿರು ಟೋಪಿ, ಮೂರು ಅಕ್ಷರ. ರೈಲು ಹೊರಡುವ ಹೊತ್ತು ದಾಟಿದರೂ ಬಾವುಟ ಅವರ ಕಂಕುಳಲ್ಲೇ ಇತ್ತು.

“ಇಂಥ ಯೂನಿಫಾರಂ ಯಾರು ಹಾಕ್ತಾರೆ?” ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

ತಡವಾದರೆ ಕಾರ್ಖಾನೆಯ ಗೇಟು ಮುಚ್ಚುತ್ತಿತ್ತು. ಆದರೂ ನಮ್ಮ ಬೋಗಿಯಲ್ಲಿ ಯಾರೂ ಉತ್ತರ ಹೇಳಲಿಲ್ಲ. ಸಂತೆಗೆ ಬದನೆಕಾಯಿ ಒಯ್ಯುತ್ತಿದ್ದ ಹೆಂಗಸು ಬುಟ್ಟಿಯ ಮೇಲೆ ಸೆರಗು ಎಳೆದುಕೊಂಡು, “ಕಣ್ಣಿಗೆ ಬಿದ್ರೆ ಪಾಪ, ಬೇಜಾರು ಮಾಡ್ಕೊಳ್ತಾರೆ” ಎಂದಳು.

“ಈ ಕಡೆ ಒಂದು ಇನ್ನೂ ಕಾಣ್ತಿದೆಯಮ್ಮಾ” ಎಂದು ನನ್ನ ಪಕ್ಕದ ಫಿಟ್ಟರ್ ಸಾಹೇಬರು ತಮ್ಮ ಟವೆಲನ್ನೂ ಹೊದಿಸಿದರು.

ಏನಾಯಿತೆಂದು ನೋಡಲು ಇಂಜಿನ್ ಡ್ರೈವರ್ ಇಳಿದು ಬಂದ. ಗಾರ್ಡರ ಹೆಗಲ ಮೇಲಿಂದ ಇಣುಕಿದ. ಅವನಿಗೂ ಉತ್ತರ ಹೊಳೆದಿರಬೇಕು, ತುಟಿ ಬಿಗಿಹಿಡಿದು ಹಿಂದಿರುಗಿದ.

ಕೊನೆಗೆ ಗಾರ್ಡ್ ಕಣ್ಣು ಮುಚ್ಚಿ, ಮೆಲ್ಲಗೆ “ಬದನೆ” ಎಂದರು. ಬೋಗಿಯೆಲ್ಲ ಉಸಿರು ಬಿಟ್ಟಿತು. ಅವರು ಅಕ್ಷರಗಳನ್ನು ತುಂಬಿ, ಕಾಗದವನ್ನು ನಮ್ಮ ಕಿಟಕಿಗೆ ಹಿಡಿದರು.

“ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾರೆ ನೋಡಿ.”

ಗೇಟು ಮುಚ್ಚುವ ಹೊತ್ತು ಆಗಲೇ ಆಗಿಹೋಗಿತ್ತು. ಆದರೂ ನಾವೆಲ್ಲ, ಹೌದು, ಬಹಳ ಚೆನ್ನಾಗಿದೆ ಎಂದು ತಲೆಯಾಡಿಸಿದೆವು.