ಮಾನ್ವಿಯಿಂದ ದೇವದುರ್ಗಕ್ಕೆ, ಒಂದು ಮಾತಿನ ಬೆನ್ನು ಹತ್ತಿ

ಬೆಳಿಗ್ಗೆ ಏಳಕ್ಕೆ ರಾಯಚೂರಿನಿಂದ ಹೊರಟೆ. ಕೈಚೀಲದಲ್ಲಿ ಆಧಾರ್ ಕಾರ್ಡು, ನೀರಿನ ಬಾಟಲಿ, ಚಪಾತಿ, ಆಲೂಗಡ್ಡೆ ಪಲ್ಯ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಕಂಡಕ್ಟರು ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟರು. ಮೋಡ ಕವಿದಿತ್ತು, ಮಳೆಯಿಲ್ಲ. ಸೆಕೆ ಮಾತ್ರ ಬಿಡುತ್ತಿರಲಿಲ್ಲ.

ನಾನು ಹೊರಟಿದ್ದು ಅಣ್ಣನ ಮಗಳು ಸಬೀಹಾಳ ಮದುವೆಯ ಸಲುವಾಗಿ. ಮಾನ್ವಿಯ ಹುಡುಗ. ಅಣ್ಣ ತೀರಿಕೊಂಡಾಗ ನಿಕಾಹ್ ಒಮ್ಮೆ ಮುಂದೆ ಹೋಗಿತ್ತು. ಮತ್ತೆ ಗೊತ್ತು ಮಾಡಿದ ದಿನ ಸಫರ್ ತಿಂಗಳ ಮೊದಲ ವಾರದಲ್ಲಿ ಬಿತ್ತು. ಆ ತಿಂಗಳ ಮೊದಲ ಹದಿಮೂರು ದಿನಕ್ಕೆ ನಮ್ಮಲ್ಲಿ ತೇರಾ ತೇಜಿ ಎನ್ನುತ್ತಾರೆ. ಶುಭಕಾರ್ಯಕ್ಕೆ ಹಿಂಜರಿಯುವವರು ಬಹಳ. ಹುಡುಗನ ಅಜ್ಜಿ ಹುಸೇನಬಿ ಫೋನು ಮಾಡಿ, ಸಫರ್‌ನಲ್ಲಿ ಆದ ಮದುವೆ ಉಳಿಯುವುದಿಲ್ಲವೆಂದು ಹದೀಸ್‌ನಲ್ಲಿದೆ, ದಿನ ಬದಲಿಸಿ ಎಂದರು. ಹದೀಸ್ ಎಂದರೆ ಪ್ರವಾದಿಯವರ ಮಾತು. ಅದರೆದುರು ಯಾರು ಬಾಯಿ ತೆರೆಯಬೇಕು? ಸಬೀಹಾ ಅಳಲಿಲ್ಲ. "ಎರಡನೇ ಸಲಾನೂ ಮುಂದ ಹೋದ್ರ ಮಂದಿ ನನ್ನ ಕಾಲ್ಗುಣ ಅಂತಾರ, ಫುಪ್ಪು," ಎಂದಳು, ಅಷ್ಟೇ. ಮರುದಿನವೇ ನಾನು ಬಸ್ಸು ಹತ್ತಿದೆ.

ಕಲ್ಲೂರು ದಾಟಿದ ಮೇಲೆ ಕಾಲುವೆಯಲ್ಲಿ ನೀರು ಕಂಡಿತು. ಗದ್ದೆಗಳಲ್ಲಿ ಹೆಂಗಸರು ಬಗ್ಗಿ ಸಸಿ ಹಚ್ಚುತ್ತಿದ್ದರು. ಮಾನ್ವಿಯಲ್ಲಿ ಇಳಿದಾಗ ರೈಸ್ ಮಿಲ್ಲಿನ ತೌಡಿನ ವಾಸನೆ. ಹುಸೇನಬಿ ದಾದಿ ಚಹಾ ಕೊಟ್ಟು ಎದುರಿಗೆ ಕುಳಿತರು. ನಾನು ಒಂದೇ ಮಾತು ಕೇಳಿದೆ: "ದಾದಿ, ಇದನ್ನ ಯಾರಿಂದ ಕೇಳಿದ್ರಿ?"

ಅವರ ಮುಖ ಬಿಗಿಯಿತು. "ಬುದ್ಧಿ ಬಂದಾಗಿಂದ ನಮಾಜ್ ಬಿಟ್ಟಾಕಿ ಅಲ್ಲ ನಾನು. ಸುಳ್ಳು ಹೇಳ್ತೀನೇನು?"

"ಸುಳ್ಳಂತ ಯಾರಂದ್ರು? ಯಾರು ಹೇಳಿದ್ರು ಅಂತ ಕೇಳಾಕತ್ತೀನಿ."

"ದೇವದುರ್ಗದ ಜೈತುನ್ ಆಪಾ. ನಾವು ಅಲ್ಲಿದ್ದಾಗ ಹೆಣ್ಮಕ್ಕಳನ್ನ ಕುಂದ್ರಿಸಿಕೊಂಡು ಕಿತಾಬ್ ಓದಿ ಹೇಳ್ತಿದ್ಳು. ನಡಿ, ಆಕಿ ಬಾಯಿಂದನ ಕೇಳಿಸ್ತೀನಿ. ಆಮ್ಯಾಲೆ ರಾಯಚೂರಿನಾಕಿ ತೆಪ್ಪಗ ದಿನ ಬದಲಿ ಮಾಡಬೇಕು."

"ಹೇಳಿಲ್ಲ ಅಂದ್ರ?"

"ಹೇಳಿಲ್ಲ ಅಂದ್ರ ಮದಿವಿ ಅಡಿಗಿಗೆ ನಾನ ಉಳ್ಳಾಗಡ್ಡಿ ಹೆಚ್ತೀನಿ!"

ಹತ್ತೂವರೆಯ ಬಸ್ಸಿಗೆ ಇಬ್ಬರೂ ಹೊರಟೆವು. ಕಿಟಕಿಯ ಸೀಟು ದಾದಿಯದು. ಪಕ್ಕದಲ್ಲಿ ಬುಟ್ಟಿ ಹಿಡಿದು ಕುಳಿತ ರೈತ ಹೆಂಗಸು ಎಲ್ಲಿಗೆ ಎಂದು ಕೇಳಿದ್ದೇ ತಡ, ದಾದಿ ಕತೆಯನ್ನೆಲ್ಲ ಹೇಳಿಬಿಟ್ಟರು.

"ನಮ್ಮಲ್ಲೂ ಆಷಾಢದಾಗ ಮದಿವಿ ಇಲ್ಲ ಬಿಡ್ರಿ. ಯಾಕಂತ ಯಾರೂ ಕೇಳಂಗಿಲ್ಲ," ಎಂದಳು ಆಕೆ.

"ನಮ್ಮಲ್ಲಿ ಕೇಳ್ತಾರ," ದಾದಿ ನನ್ನನ್ನು ಮೊಣಕೈಯಿಂದ ತಿವಿದರು. "ಇಲ್ಲಿ ಕುಂತಾಳ ನೋಡ್ರಿ, ಫೌಜುದಾರ!"

ಸಿರವಾರ ದಾಟಿದ ಮೇಲೆ ಗದ್ದೆ ಕಡಿಮೆಯಾಗಿ ಹತ್ತಿ, ತೊಗರಿಯ ಹೊಲಗಳು ಬಂದವು. ಒಂದು ಊರಿನ ಮುಂದೆ ಮೊಹರಂನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಬೂದಿ ಇನ್ನೂ ಹಾಗೇ ಇತ್ತು. ನಾನು ಬುತ್ತಿ ಬಿಚ್ಚಿದೆ. ಪಲ್ಯಕ್ಕೆ ಉಪ್ಪು ಸಾಲದು ಎನ್ನುತ್ತಲೇ ದಾದಿ ಎರಡು ಚಪಾತಿ ತಿಂದರು.

ದೇವದುರ್ಗದಲ್ಲಿ ಜೈತುನ್ ಆಪಾ ಮೊಣಕಾಲು ನೋವಿನಿಂದ ಮಂಚದ ಮೇಲೆ ಕುಳಿತಿದ್ದರು. ಗೆಳತಿಯರು ತಬ್ಬಿಕೊಂಡು ಅತ್ತರು, ನಕ್ಕರು. ಆಮೇಲೆ ದಾದಿ ನೇರವಾಗಿ ಕೇಳಿದರು. ಆಪಾ ತಲೆಯಾಡಿಸಿದರು.

"ಹೂಂ, ನಾನ ಹೇಳಿದ್ದೆ."

ದಾದಿ ನನ್ನತ್ತ ಗೆದ್ದವರಂತೆ ನೋಡಿದರು. ಸಬೀಹಾಳಿಗೆ ಏನು ಹೇಳಲಿ?

"ಆದ್ರ ಹುಸೇನಬಿ, ಅದು ಹದೀಸ್ ಅಂತ ನಾ ಯಾವಾಗ ಅಂದೆ?" ಆಪಾ ಮುಂದುವರಿಸಿದರು. "ಅವತ್ತು ಕಿತಾಬ್ ಮುಚ್ಚಿಟ್ಟು ಎಲ್ಲಾರೂ ಕಡಲಿ ಗುಗ್ಗರಿ ತಿನ್ನಾಕತ್ತಿದ್ವಿ. ನಮ್ಮ ಚಾಚಿ ಸಫರ್‌ನಾಗ ಮದಿವಿಯಾಗಿ ವರ್ಷದಾಗ ಗಂಡನ್ನ ಕಳಕೊಂಡ್ಳು. ಅದಕ್ಕ ನಮ್ಮ ಅಮ್ಮಾ ಹಂಗ ಅಂತಿದ್ಳು ಅಂತ ಹೇಳಿದೆ."

"ನೀ ಹೇಳಿದ್ದೆಲ್ಲಾ ಕಿತಾಬಿಂದನ ಅಂತ ತಿಳಕೊಂಡಿದ್ದೆ," ಎಂದರು ದಾದಿ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದುನಿಂತರು. "ಹಂಗಾದ್ರ ಕಿತಾಬಿನಾಗ ಖರೇ ಏನದ? ಅದೂ ಗೊತ್ತಾಗ್ಲಿ. ನಡಿ."

ಹತ್ತಿರದ ಓಣಿಯಲ್ಲಿ ಒಬ್ಬ ವಯಸ್ಸಾದ ಮೌಲ್ವಿಗಳ ಮನೆ; ಊರವರಿಗೆ ಅವರು ಹಜರತ್. ಅವರ ಹೆಂಡತಿ ಒಳಗೆ ಕರೆದು ನೀರು ಕೊಟ್ಟರು. ಹಜರತ್ ಪೂರ್ತಿ ಕೇಳಿಸಿಕೊಂಡು, ಅಂಥ ಹದೀಸನ್ನು ತಾವು ಎಲ್ಲೂ ಓದಿಲ್ಲ ಎಂದರು. ಆಮೇಲೆ ಕಪಾಟಿನಿಂದ ದಪ್ಪನೆಯ ಗ್ರಂಥ ತೆಗೆದು ಒಂದು ಕಡೆ ಬೆರಳಿಟ್ಟು ಓದಿದರು. ಮೊದಲು ಬರೀ ಹೆಸರುಗಳು: ಇವರು ಅವರಿಂದ ಕೇಳಿದ್ದು, ಅವರು ಇನ್ನೊಬ್ಬರಿಂದ. ಆಮೇಲೆ ಮಾತು. ಅಪಶಕುನ ಎಂಬುದಿಲ್ಲ, ಸಫರ್‌ನ ಕೇಡು ಎಂಬುದಿಲ್ಲ, ಎಂದು ಅದರ ಅರ್ಥ ಬಿಡಿಸಿದರು. ಸಫರ್ ಎಂಬ ಪದಕ್ಕೆ ಕೆಲವು ಪಂಡಿತರು ಬೇರೆ ಅರ್ಥವನ್ನೂ ಹೇಳಿದ್ದಾರೆ, ಅಪಶಕುನ ನಂಬಬಾರದು ಎಂಬುದರಲ್ಲಿ ಮಾತ್ರ ತಕರಾರಿಲ್ಲ ಎಂದೂ ಮುಚ್ಚಿಡದೆ ಹೇಳಿದರು.

"ಹಂಗಾದ್ರ ನಾನು ಸುಳ್ಳುಗಾರ್ತಿ ಆದ್ನೇನ್ರಿ ಹಜರತ್?" ದಾದಿ ಕೇಳಿದರು.

"ಅಲ್ರಿ ಯವ್ವಾ. ಹಿಂದ ಒಳ್ಳೊಳ್ಳೇ ಮಂದೀನೂ ತಮ್ಮ ಮಾತು, ಪೈಗಂಬರರ ಮಾತು ಒಂದರಾಗ ಒಂದು ಕೂಡಿಸ್ಯಾರ. ಓದಿಕೊಂಡ ಆಲಿಮರು ಕುಂತು ಬ್ಯಾರೆ ಮಾಡ್ಯಾರ. ಒಳ್ಳೆಯವರಿದ್ರ ಸಾಲಂಗಿಲ್ಲ, ನೆನಪೂ ಗಟ್ಟಿ ಇರಬೇಕು, ಯಾರಿಂದ ಕೇಳಿದ್ರೋ ಆ ಸರಪಳಿ ಎಲ್ಲೂ ಹರಿದಿರಬಾರದು. ಆ ಮಾತಿಗೆ ಅಷ್ಟು ಬೆಲಿ ಅದ ಅಂತಾನ ಇಷ್ಟು ತಪಾಸು. ಇವತ್ತು ನೀವೂ ಅದನ್ನ ಮಾಡೀರಿ. ಬಸ್ ಹತ್ತಿ ಬಂದೀರಿ!"

ದಾದಿ ಆ ಹದೀಸಿನ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಬಾಯಿಪಾಠ ಮಾಡಿದರು. ಓಣಿಗೆ ಬಂದವರೇ ನನ್ನ ಫೋನು ಕಸಿದು ಮಗನಿಗೆ ಹಚ್ಚಿದರು. "ಲೇ, ದಿನ ಬದಲಿ ಇಲ್ಲ! ಅದ ದಿನ, ಅದ ಹೊತ್ತು!" ಪಾನ್ ಅಂಗಡಿಯವನೂ ತಿರುಗಿ ನೋಡಿದ.

ನಾನು ಸಬೀಹಾಳಿಗೆ ಹೇಳಿದೆ. ಈ ಸಲ ಅವಳು ಅತ್ತಳು. ಮಾನ್ವಿಗೆ ಮರಳುವಾಗ ಮಳೆ ಬಂತು. ಕಿಟಕಿ ಮುಚ್ಚಲು ದಾದಿ ಒಪ್ಪಲಿಲ್ಲ.

ಮನೆ ಮಂದಿಯನ್ನೆಲ್ಲ ಸೇರಿಸಿ ದಾದಿ ಹೇಳಿದರು: ದೇವದುರ್ಗದ ಹಜರತ್‌ರಿಂದ ಕೇಳಿದ್ದು, ಅವರು ಕಿತಾಬ್ ತೆಗೆದು ಓದಿದ್ದು, ಸಾಕ್ಷಿಗೆ ಈಕೆ ಇದ್ದಳು, ಆಮೇಲೆ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ. ಖುಷಿಯಲ್ಲಿ ನಾನೂ ಬಾಯಿ ಹಾಕಿದೆ: "ಸಫರ್‌ನಾಗ ಮದಿವಿ ಮಾಡಿದ್ರ ಇನ್ನೂ ಒಳ್ಳೇದು, ಬರಕತ್ ಅಂತ..."

"ಏ, ತಡಿ!" ದಾದಿ ಕೈ ಎತ್ತಿದರು. "ಹಜರತ್ ಅಷ್ಟ ಹೇಳ್ಯಾರ. ಬರಕತ್ ನೀ ಎಲ್ಲಿಂದ ತಂದಿ? ಯಾರಿಂದ ಕೇಳ್ದಿ?"

ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಸಂಜೆಯ ರಾಯಚೂರು ಬಸ್ಸು ಹೊರಡುವವರೆಗೂ ದಾದಿ ಕೊಡೆ ಹಿಡಿದು ನಿಂತಿದ್ದರು. ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದೆ. ಕೊಡೆ ಮಡಚಿ ಬಾಯಿಯ ಪಕ್ಕ ಕೈ ಅಡ್ಡ ಹಿಡಿದು ಕೂಗುತ್ತಿದ್ದರು: "ಉಳ್ಳಾಗಡ್ಡಿ ನಾನ ಹೆಚ್ತೀನಿ ಅಂದೀನಿ. ರಾಯಚೂರಾಗ ಇದ್ದಂಗ ಹೇಳು ಮತ್ತ!"